ಬಿಲ್ಬಾವೊದ ಗುಗೆನ್‌ಹೈಮ್: ಫೋನ್, ದಾರ ಕಟ್ಟಿದ ಕ್ಯಾಮೆರಾ, 360 ಡಿಗ್ರಿ

ಸ್ಪೇನಿನ ಬಿಲ್ಬಾವೊದಲ್ಲಿ ನರ್ವಿಯೋನ್ ನದಿಯ ದಡದಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ಇದೆ. ವಾಸ್ತುಶಿಲ್ಪಿ ಫ್ರಾಂಕ್ ಗೆರಿ ವಿನ್ಯಾಸ ಮಾಡಿದ್ದು, 1997ರಲ್ಲಿ ಬಾಗಿಲು ತೆರೆದದ್ದು. ಒಂದು ಫೋಟೋದಲ್ಲಿ ಕಟ್ಟಡವೇನೋ ಹಿಡಿಸುತ್ತದೆ. ಆದರೆ ಎದುರು ದಡದಿಂದ ನೋಡಿದರೆ ಎಡಕ್ಕೆ ಲಾ ಸಾಲ್ವೆ ಸೇತುವೆ, ಬಲಕ್ಕೆ 165 ಮೀಟರ್ ಎತ್ತರದ ಇಬೆರ್ದ್ರೊಲಾ ಗೋಪುರ, ಹಿಂದೆ ಹಸಿರು ಗುಡ್ಡ. ಅವನ್ನು ಬಿಟ್ಟರೆ ಊರೇ ಬಿಟ್ಟ ಹಾಗೆ. ಎಲ್ಲವೂ ಬರಬೇಕಾದರೆ ಪನೋರಮಾ ಬೇಕು, ಅಂದರೆ ಸುತ್ತಲ ನೋಟವನ್ನು ಒಂದೇ ಉದ್ದನೆಯ ಚಿತ್ರವಾಗಿ ಹಿಡಿಯಬೇಕು. ಕೆಲಸದ ಮೇಲೆ ಹೋಗಿದ್ದಾಗ ಜೂನ್ ತಿಂಗಳ ಮೂರು ಸಂಜೆ ಇದಕ್ಕೇ ಕಳೆದೆ. ಕೈಯಲ್ಲಿ ಫೋನ್, 35 ಎಂಎಂ ಲೆನ್ಸಿನ ಫುಲ್ ಫ್ರೇಮ್ ಕ್ಯಾಮೆರಾ, ಗೆಳೆಯನಿಂದ ತಂದ, ಸುತ್ತಲಿನದ್ದನ್ನೆಲ್ಲ ಒಂದೇ ಸಲ ಹಿಡಿಯುವ 360 ಡಿಗ್ರಿ ಕ್ಯಾಮೆರಾ. ಟ್ರೈಪಾಡ್ ಭಾರ ಅಂತ ಮನೆಯಲ್ಲೇ ಬಿಟ್ಟಿದ್ದೆ.

ಮೊದಲು ಎದುರು ದಡ, ದೇಉಸ್ತೊ ವಿಶ್ವವಿದ್ಯಾಲಯದ ಕಡೆ. ಇಲ್ಲಿಂದ ನೋಡುವುದು ದಕ್ಷಿಣಕ್ಕೆ, ಹಾಗಾಗಿ ಮಧ್ಯಾಹ್ನ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರ. ಅದಕ್ಕೆ ಸ್ವಲ್ಪ ಮುಂಚೆ ವಾಯವ್ಯದ ಬೆಳಕು ಕಟ್ಟಡಕ್ಕೆ ಹೊದಿಸಿದ ಟೈಟಾನಿಯಂ ಹಾಳೆಗಳ ಮೇಲೆ ಬೀಳುತ್ತದೆ. ಕಾಯಬೇಕಾದದ್ದು ಅದಕ್ಕೆ.

ಫೋನ್ ಹತ್ತು ಸೆಕೆಂಡಿನಲ್ಲಿ ಮುಗಿಸಿತು. ಪರದೆ ಮೇಲೆ ಚೆಂದವಾಗಿಯೇ ಕಂಡಿತು. ಇಲ್ಲೊಂದು ಮೋಸ ಇದೆ. ಪನೋರಮಾದಲ್ಲಿ ಏನು ಡೊಂಕಾಗಿದೆ ಅಂತ ಈ ಕಟ್ಟಡ ನೋಡಿ ಹೇಳಲಾಗದು, ಕಟ್ಟಿದ್ದೇ ಹಾಗಲ್ವಾ! ನೇರ ಗೆರೆಗಳನ್ನು ನೋಡಬೇಕು. ದಡದ ಕಟಕಟೆ ಬಾಳೆಹಣ್ಣಿನ ಹಾಗೆ ಬಾಗಿತ್ತು. ಓಡುತ್ತಿದ್ದ ಒಬ್ಬರಿಗೆ ಮೂರು ಕಾಲು. ಹಿಗ್ಗಿಸಿದರೆ ಹಾಳೆಗಳ ಸಂದುಗಳೆಲ್ಲ ಕಲಸಿಹೋಗಿದ್ದವು.

ಕ್ಯಾಮೆರಾಗೆ ಒಂದು ಉಪಾಯ ಮಾಡಿದೆ. ಲೆನ್ಸಿಗೆ ದಾರ ಕಟ್ಟಿ, ತುದಿಗೆ ಬೀಗದ ಕೈ ಗೊಂಚಲು. ಗಾರೆ ಮೇಸ್ತ್ರಿ ಗೋಡೆ ನೆಟ್ಟಗಿದೆಯಾ ನೋಡಲು ಗುಂಡು ಇಳಿಬಿಡುತ್ತಾರಲ್ಲ, ಹಾಗೆ. ಗೊಂಚಲು ನೆಲದ ಒಂದೇ ಕಲ್ಲಿನ ಮೇಲೆ ನಿಲ್ಲುವಂತೆ ನೋಡಿಕೊಂಡು, ನಾನೇ ಕ್ಯಾಮೆರಾದ ಸುತ್ತ ಹೆಜ್ಜೆ ಹಾಕಬೇಕು. ಲೆನ್ಸ್ ಜಾಗ ಬದಲಿಸಿದರೆ ಹತ್ತಿರದ ವಸ್ತುವೂ ದೂರದ ವಸ್ತುವೂ ಬೇರೆ ಬೇರೆಯಾಗಿ ಸರಿಯುತ್ತವೆ, ಆಮೇಲೆ ಫೋಟೋಗಳನ್ನು ಒಂದಕ್ಕೊಂದು ಸೇರಿಸುವ ಹೊಲಿಗೆ ಕೂಡುವುದಿಲ್ಲ. ಕ್ಯಾಮೆರಾ ನಿಲುವಾಗಿ ಹಿಡಿದು, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ 7 ಫೋಟೋ ತೆಗೆದರೆ ಅರ್ಧ ಸುತ್ತು ಸಿಗುತ್ತದೆ, ನನ್ನ ಕ್ಯಾಮೆರಾದಲ್ಲಿ ಅಗಲ ಸುಮಾರು 18 ಸಾವಿರ ಪಿಕ್ಸೆಲ್.

ಮೊದಲ ಸಂಜೆಯ ಅಷ್ಟೂ ಫೋಟೋ ದಂಡ. ಬೆಳಕಿಗೆ ತಕ್ಕಂತೆ ಫೋಟೋದ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ಆಟೋದಲ್ಲೇ ಬಿಟ್ಟಿದ್ದೆ. ಟೈಟಾನಿಯಂ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ, ಕ್ಯಾಮೆರಾನೂ ಅದರ ಜೊತೆ ಕುಣಿಯಿತು. ಕಟ್ಟಡ ತೇಪೆ ಹಾಕಿದ ಕೌದಿ ಆಯಿತು. ಮರುದಿನ ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಕಟ್ಟಿಹಾಕಿದೆ.

ಹೊಲಿಯಲು ಹಗಿನ್ ಬಳಸಿದೆ, ಉಚಿತ ಸಾಫ್ಟ್‌ವೇರ್. ಎರಡು ಫೋಟೋದಲ್ಲೂ ಒಂದೇ ಜಾಗ ಇದು ಅಂತ ಗುರುತಿಸುವ ಚುಕ್ಕೆಗಳೇ ಕಂಟ್ರೋಲ್ ಪಾಯಿಂಟ್‌ಗಳು, ನೀರಿನ ಮೇಲೆ ಬಿದ್ದವನ್ನು ಅಳಿಸಲೇಬೇಕು. ಅಲೆ ಒಂದು ಕಡೆ ನಿಲ್ಲುತ್ತಾ? ಆಮೇಲೆ ಪಾನಿನಿ ಪ್ರೊಜೆಕ್ಷನ್ ಹಾಕಿದೆ, ಅಗಲದ ನೋಟವನ್ನು ಚಪ್ಪಟೆ ಚಿತ್ರಕ್ಕೆ ಇಳಿಸುವ ಒಂದು ವಿಧಾನ. ನಮ್ಮ ವ್ಯಾಕರಣದ ಪಾಣಿನಿ ಅಲ್ಲ, ಇಟಲಿಯ ಚಿತ್ರಕಾರನ ಹೆಸರು. ಗೋಪುರ ನೆಟ್ಟಗೆ ನಿಂತಿತು, ಕಟಕಟೆಯ ಡೊಂಕು ಅರ್ಧ ಇಳಿಯಿತು. ಅರ್ಧ ಮಾತ್ರ.

ಈ ದಡದಿಂದ 360 ಕ್ಯಾಮೆರಾ ಸುಮ್ನೆ ದಂಡ. ಆಕಾಶ, ನೆಲ, ನನ್ನ ತಲೆ ಎಲ್ಲಕ್ಕೂ ಪಿಕ್ಸೆಲ್ ಹಂಚಿ, ಮ್ಯೂಸಿಯಂ ಪಾಲಿಗೆ ಒಂದು ತೆಳು ಪಟ್ಟಿ ಉಳಿಸಿತು.

ಆದರೆ ಮ್ಯೂಸಿಯಂ ಪಕ್ಕದ ಜೇಡದ ಶಿಲ್ಪದ ಕೆಳಗೆ ಲೆಕ್ಕ ತಿರುಗಿತು. ಲೂಯಿಸ್ ಬೂರ್ಜ್ವಾ ಮಾಡಿದ ‘ಮಾಮಾಂ’, ಸುಮಾರು 9 ಮೀಟರ್ ಎತ್ತರ. ಕೆಳಗೆ ನಿಂತರೆ ತಲೆ ಮೇಲೆ ಮೊಟ್ಟೆಯ ಚೀಲ, ಸುತ್ತ ಕಾಲುಗಳು, ಕಾಲುಗಳ ಸಂದಿನಲ್ಲಿ ನದಿ, 2007ರಲ್ಲಿ ಕಲಾವಿದ ಡೇನಿಯಲ್ ಬ್ಯೂರೆನ್ ಸೇತುವೆಗೆ ಸೇರಿಸಿದ ಕೆಂಪು ಕಮಾನು. ಕೈ ಚಾಚಿ ಫೋನ್ ತಿರುಗಿಸಿದರೆ ಜೇಡದ ಕಾಲು ಮುರಿಯುತ್ತದೆ. ದಾರ ಕಟ್ಟಿದ ಕ್ಯಾಮೆರಾದಲ್ಲಿ ಕಾಲುಗಳು ಕೂಡಿದವು, ಆದರೆ ತಲೆ ಮೇಲಿನದ್ದು ಸೇರಿಸಲು ಮೂರು ಸಾಲು ತೆಗೆಯಬೇಕು. ಅಷ್ಟರಲ್ಲಿ ಸೆಲ್ಫಿಯವರು ಹತ್ತು ಸಲ ಅಡ್ಡ ಬಂದರು. 360 ಕ್ಯಾಮೆರಾಗೆ ಒಂದೇ ಕ್ಲಿಕ್. ಅದರ ಎರಡು ಲೆನ್ಸ್‌ಗಳ ಹೊಲಿಗೆ ಜೇಡದ ಕಾಲಿನ ಮೇಲೆ ಬೀಳದಂತೆ ಸ್ವಲ್ಪ ತಿರುಗಿಸಿ ಹಿಡಿಯಬೇಕು, ಅಷ್ಟೇ. ಈ ಜಾಗಕ್ಕೆ ನನ್ನ ಓಟು ಅದಕ್ಕೇ.

ಮೂರನೇ ಸಂಜೆ ಅರ್ತ್ಸಾಂದಾ ಗುಡ್ಡಕ್ಕೆ ಹೋದೆ, ಕೇಬಲ್ ಎಳೆದು ಗುಡ್ಡ ಹತ್ತಿಸುವ, 1915ರಿಂದ ಇರುವ ಫ್ಯೂನಿಕ್ಯುಲರ್ ರೈಲಿನಲ್ಲಿ. ಮೇಲಿಂದ ಇಡೀ ಬಿಲ್ಬಾವೊ ಬೋಗುಣಿಯಲ್ಲಿಟ್ಟ ಹಾಗೆ ಕಾಣುತ್ತದೆ. ಎಲ್ಲವೂ ದೂರವಿರುವುದರಿಂದ ಲೆನ್ಸ್ ಅತ್ತಿತ್ತ ಸರಿದರೂ ಏನೂ ಮುರಿಯುವುದಿಲ್ಲ. ಪ್ರಿಂಟ್ ಹಾಕಿಸದವರಿಗೆ ಇಲ್ಲಿ ಫೋನೇ ಸಾಕು. ನಾನಂತೂ ಅಭ್ಯಾಸಬಲದಿಂದ ದಾರ ಇಳಿಬಿಟ್ಟೆ. ಪಕ್ಕದ ಬೆಂಚಿನ ಅಜ್ಜ ಎದ್ದು ಬಂದು, ಏನೋ ಬೀಳಿಸಿಕೊಂಡಿದ್ದೀಯ ಅಂತ ಬೀಗದ ಕೈಯನ್ನು ಕೈಸನ್ನೆಯಲ್ಲಿ ತೋರಿಸಿದರು.