ಮೆತ್ತಗಿದೆ ಎಂದು ಕೊಂಡ ಹೋಲ್‌ಸ್ಟರ್: ದೊಡ್ಡ ರಿವಾಲ್ವರ್ ಒಯ್ಯುವವರಿಗೆ ಒಂದು ಎಚ್ಚರಿಕೆ

ಕಳೆದ ವರ್ಷ ಜೂನ್ ತಿಂಗಳ ಒಂದು ಶನಿವಾರ ಬಟವಾಡೆಯ ಹಣ ತೆಗೆದುಕೊಂಡು ಗೋಣಿಕೊಪ್ಪಲಿನಿಂದ ತೋಟಕ್ಕೆ ಹಿಂದಿರುಗಿದ ನಾನು, ಕಾರ್ಮಿಕರು ವಾಸಿಸುವ ಲೈನ್‌ಮನೆಗಳ ಮುಂದೆ ಜೀಪಿನಿಂದ ಇಳಿದು, ಕೈತಪ್ಪಿ ಬಿದ್ದ ಹಾಜರಿ ಪುಸ್ತಕವನ್ನು ಎತ್ತಿಕೊಳ್ಳಲು ಬಗ್ಗಿದಾಗ, ಸೊಂಟದಲ್ಲಿದ್ದ ರಿವಾಲ್ವರ್ ಅದನ್ನು ಇಟ್ಟುಕೊಳ್ಳುವ ಚರ್ಮದ ಚೀಲದಿಂದ, ಅಂದರೆ ಹೋಲ್‌ಸ್ಟರ್‌ನಿಂದ, ಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಅದರಲ್ಲಿ ಆರು ಗುಂಡುಗಳಿದ್ದವು. ನಮ್ಮ ತೋಟದ ಲೆಕ್ಕ ಬರೆಯುವ ರೈಟರ ಏಳು ವರ್ಷದ ಮಗಳು ನಾಲ್ಕು ಅಡಿ ದೂರದಲ್ಲಿ ನಿಂತಿದ್ದಳು. ಸಿಡಿಯಲಿಲ್ಲ. ಮಗು ಅದನ್ನು ಮುಟ್ಟಲು ಮುಂದೆ ಬರುವಷ್ಟರಲ್ಲಿ ಅವಳ ತಾಯಿ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡರು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ನೋಟವನ್ನು ಮಾತ್ರ ನಾನು ಮರೆಯಲಾರೆ. ನನ್ನಂತೆಯೇ ಹೋಲ್‌ಸ್ಟರ್ ಆರಿಸುವಾಗ ಎಡವುವವರು ನಮ್ಮ ಕೊಡಗು ಜಿಲ್ಲೆಯಲ್ಲಿ ಇನ್ನೂ ಇರಬಹುದೆಂಬ ಕಾರಣಕ್ಕೆ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ನನ್ನಲ್ಲಿರುವುದು ನನ್ನ ತಂದೆಯವರು ದಶಕಗಳ ಹಿಂದೆ ಕೊಂಡಿದ್ದ, ಈಗ ನನ್ನ ಲೈಸೆನ್ಸಿನಲ್ಲಿ ದಾಖಲಾಗಿರುವ ಸ್ಮಿತ್ ಅಂಡ್ ವೆಸನ್ ಕಂಪನಿಯ .357 ಮ್ಯಾಗ್ನಮ್ ಎಂಬ ಗುಂಡು ಹಾರಿಸುವ ರಿವಾಲ್ವರ್. ನಳಿಗೆ 6 ಅಂಗುಲ, ಒಟ್ಟು ಉದ್ದ 11 ಅಂಗುಲಕ್ಕಿಂತ ಹೆಚ್ಚು, ಖಾಲಿ ಇರುವಾಗಲೇ ತೂಕ ಸುಮಾರು 1 ಕಿಲೋ 250 ಗ್ರಾಂ. ಆರು ಗುಂಡು ತುಂಬಿದರೆ ಇನ್ನು ಹತ್ತಿರ ಹತ್ತಿರ 100 ಗ್ರಾಂ ಕೂಡುತ್ತದೆ. ನಮ್ಮಲ್ಲಿ ಅನೇಕರು ಇಟ್ಟುಕೊಂಡಿರುವ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಸುಮಾರು 700 ಗ್ರಾಂ ತೂಗುತ್ತದೆ, ಅದರ ನಳಿಗೆ 3 ಅಂಗುಲ. ಆ ಚಿಕ್ಕ ರಿವಾಲ್ವರ್‌ಗೆ ಹೇಗೋ ಒಪ್ಪುವ ಚೀಲ ಈ ದೊಡ್ಡದಕ್ಕೆ ಒಪ್ಪುವುದಿಲ್ಲ ಎಂಬುದು ಈಗ ಹೇಳುವಾಗ ಸರಳವಾಗಿ ಕಾಣುತ್ತದೆ, ಆದರೆ ಅಂಗಡಿಯಲ್ಲಿ ನಿಂತಾಗ ನನಗೆ ಹೊಳೆಯಲಿಲ್ಲ.

ಅಂಗಡಿ ಬೆಂಗಳೂರಿನದು, ಹೆಸರು ಬೇಡ. ಅಲ್ಲಿಯವರು ಎರಡು ಬಗೆಯ ಹೋಲ್‌ಸ್ಟರ್ ತೋರಿಸಿದರು. ಒಂದು ದಪ್ಪ ಚರ್ಮದ್ದು, ಬೆಲ್ಟಿಗೆ ಹೊರಗಡೆಯಿಂದ ಪೋಣಿಸುವಂಥದ್ದು, ಮುಟ್ಟಿದರೆ ಹಲಗೆಯಂತೆ ಗಟ್ಟಿ. ಇನ್ನೊಂದು ಮೆದು ಚರ್ಮದ್ದು, ಪ್ಯಾಂಟಿನ ಒಳಗೆ ಸಿಕ್ಕಿಸಿ ಒಂದು ತಗಡಿನ ಕ್ಲಿಪ್ಪಿನಿಂದ ಬೆಲ್ಟಿಗೆ ಹಿಡಿಸುವಂಥದ್ದು. ಈ ಮೆದುವಾದದ್ದು ಯಾವ ರಿವಾಲ್ವರ್‌ಗಾದರೂ ಆಗುತ್ತದೆ, ಮೈಗೆ ಒತ್ತುವುದಿಲ್ಲ, ಅಂಗಿಯ ಮೇಲೆ ಕಾಣುವುದೂ ಇಲ್ಲ ಎಂದರು. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಒಯ್ಯುವ ಕೈಬಂದೂಕು ಹೋಲ್‌ಸ್ಟರ್‌ನಲ್ಲಿ ಅಥವಾ ಅಂಥದೇ ಚೀಲದಲ್ಲಿ ಪೂರ್ತಿಯಾಗಿ ಮರೆಯಾಗಿರಬೇಕು, ಒಯ್ಯುವವರ ಹತೋಟಿಯಲ್ಲೂ ಇರಬೇಕು. ನಾನು ಮರೆಯಾಗಿರುವುದನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು, ಹತೋಟಿಯ ಮಾತನ್ನು ಯೋಚಿಸದೆ, ಮೆತ್ತಗಿದ್ದುದನ್ನು ಆರಿಸಿದೆ. ನಿಂತುಕೊಂಡೇ ಹಾಕಿ ನೋಡಿದೆ, ನಾಲ್ಕು ಹೆಜ್ಜೆ ನಡೆದೆ, ಹಾಯೆನಿಸಿತು, ಹಣ ಕೊಟ್ಟು ಬಂದೆ. ಅಂಗಡಿಯಲ್ಲಿ ನಾನು ಒಮ್ಮೆಯೂ ಕುಳಿತು ನೋಡಲಿಲ್ಲ.

ತೊಂದರೆ ಜೀಪಿನಲ್ಲಿ ಕುಳಿತಾಗಲೇ ಆರಂಭವಾಯಿತು. 6 ಅಂಗುಲದ ನಳಿಗೆಯ ತುದಿ ತೊಡೆಯ ಸಂದಿಗೆ ಒತ್ತಿ, ಹಿಡಿಯ ಬುಡ ಪಕ್ಕೆಲುಬಿಗೆ ಚುಚ್ಚಿತು. ರಿವಾಲ್ವರ್‌ನ ನಡುವೆ ಉಬ್ಬಿರುವ, ಗುಂಡು ತುಂಬುವ ಸಿಲಿಂಡರ್ ನನ್ನದರಲ್ಲಿ 43 ಮಿಲಿಮೀಟರಿನಷ್ಟು ದಪ್ಪವಿದ್ದು, ಅದು ಸೊಂಟದ ಮೂಳೆಯ ಮೇಲೆಯೇ ಕುಳಿತಿತ್ತು. ಚಪ್ಪಟೆಯಾದ ಪಿಸ್ತೂಲನ್ನು ಪ್ಯಾಂಟಿನ ಒಳಗೆ ಇಟ್ಟುಕೊಳ್ಳುವವರು ಹೇಳುವ ಸೌಕರ್ಯ ಈ ಉಬ್ಬಿನಿಂದಾಗಿ ದೊಡ್ಡ ರಿವಾಲ್ವರ್‌ಗೆ ಸಿಗುವುದಿಲ್ಲ. ಮೆದು ಚರ್ಮ ಈ ಒತ್ತಡವನ್ನು ತಡೆಯುವುದೂ ಇಲ್ಲ, ಹಂಚುವುದೂ ಇಲ್ಲ. ಇದ್ದ ಹಾಗೆ ಮೈಗೆ ದಾಟಿಸುತ್ತದೆ. ವಿರಾಜಪೇಟೆಯವರೆಗೆ ಹೋಗಿ ಬರುವಷ್ಟರಲ್ಲಿ ಸೊಂಟದ ಬಲಭಾಗ ಮರಗಟ್ಟುತ್ತಿತ್ತು. ಅದಕ್ಕೆ ಪರಿಹಾರವೆಂದು ನಾನು ಮಾಡಿದ ಕೆಲಸ ಇನ್ನೂ ಕೆಟ್ಟದ್ದು: ಬೆಲ್ಟನ್ನು ಒಂದು ತೂತು ಸಡಿಲಿಸಿದೆ. ಒಂದೂಕಾಲು ಕಿಲೋ ಭಾರವನ್ನು ತಡೆದು ನಿಲ್ಲಿಸಬೇಕಾದದ್ದು ಆ ಬೆಲ್ಟೇ ಆಗಿತ್ತು. ಸಡಿಲವಾದ ಬೆಲ್ಟು, ತೆಳು ಕ್ಲಿಪ್ಪು, ಗುಂಡಿ ಪಟ್ಟಿಯೇ ಇಲ್ಲದ ಬಾಯಿ, ಮೇಲ್ಭಾಗದಲ್ಲಿ ಭಾರವಾದ ಹಿಡಿ: ಬಗ್ಗಿದೊಡನೆ ರಿವಾಲ್ವರ್ ತಲೆಕೆಳಗಾಗಿ ಹೊರಬೀಳಲು ಇನ್ನೇನೂ ಬೇಕಿರಲಿಲ್ಲ. ಲೈನ್‌ಮನೆಯ ಮೆಟ್ಟಿಲ ಮೇಲೆ ಬೀಳದೆ ರಸ್ತೆಯ ಬದಿಯ ಚರಂಡಿಗೆ ಬಿದ್ದು ನನ್ನ ಗಮನಕ್ಕೆ ಬಾರದೆ ಹೋಗಿದ್ದರೆ, ಆಯುಧ ಕಳೆದುಕೊಂಡೆನೆಂದು ಪೊಲೀಸ್ ಠಾಣೆಯಲ್ಲಿ ಬರೆದುಕೊಡಬೇಕಾಗುತ್ತಿತ್ತು. ಅದು ಯಾರ ಕೈಗೆ ಸೇರುತ್ತಿತ್ತೋ ಎಂಬ ಚಿಂತೆ ಅದಕ್ಕಿಂತ ದೊಡ್ಡದು.

ಅಂದು ಅದು ಏಕೆ ಸಿಡಿಯಲಿಲ್ಲ ಎಂಬುದನ್ನು ಸೇನೆಯಿಂದ ನಿವೃತ್ತರಾದ ನಮ್ಮ ಚಿಕ್ಕಪ್ಪ ಮರುದಿನ ಬಿಡಿಸಿ ಹೇಳಿದರು. ಹಿಂದೆ ಇರುವ ಹ್ಯಾಮರ್, ಅಂದರೆ ಹಿರಿಯರು ಕೋವಿಯ ಕುದುರೆ ಎನ್ನುವ ಭಾಗ, ಮೆಟ್ಟಿಲ ಅಂಚಿಗೆ ತಾಗಿ ಅದರ ತುದಿ ಸ್ವಲ್ಪ ಬಾಗಿತ್ತು. ಟ್ರಿಗರ್ ಒತ್ತದ ಹೊರತು ಆ ಹ್ಯಾಮರ್ ಗುಂಡನ್ನು ತಲುಪದಂತೆ ಒಳಗೆ ಒಂದು ಉಕ್ಕಿನ ತಡೆ ಇದೆ. 1944ರಲ್ಲಿ ಕೆಳಗೆ ಬಿದ್ದ ರಿವಾಲ್ವರ್ ಒಂದು ಸಿಡಿದು ಅಮೆರಿಕದ ನಾವಿಕನೊಬ್ಬ ಸತ್ತ ಮೇಲೆ ಆ ಕಂಪನಿ ಈ ತಡೆಯನ್ನು ಹೊಸದಾಗಿ ರೂಪಿಸಿತು. ಅದಕ್ಕಿಂತ ಹಿಂದಿನ ರಿವಾಲ್ವರ್‌ಗಳಲ್ಲಿ ಅನೇಕಕ್ಕೆ ಇಷ್ಟು ಭದ್ರವಾದ ತಡೆ ಇಲ್ಲ. ಅಜ್ಜನ ಕಾಲದ ರಿವಾಲ್ವರ್ ಇರುವವರು ಸಿಲಿಂಡರ್‌ನಲ್ಲಿ ಹ್ಯಾಮರ್‌ನ ಕೆಳಗೆ ಬರುವ ಗುಂಡಿನ ಗೂಡನ್ನು ಖಾಲಿ ಬಿಟ್ಟೇ ಒಯ್ಯಬೇಕು ಎಂದು ಚಿಕ್ಕಪ್ಪ ಒತ್ತಿ ಹೇಳಿದರು. ಆಮೇಲೆ ಹೋಲ್‌ಸ್ಟರ್ ಕೈಗೆ ತೆಗೆದುಕೊಂಡು, ಖಾಲಿ ಮಾಡಿದ ರಿವಾಲ್ವರನ್ನು ಅದರಿಂದ ಹೊರತೆಗೆದರು. ತೆಗೆದ ಕೂಡಲೇ ಹೋಲ್‌ಸ್ಟರ್‌ನ ಬಾಯಿ ಒಣಗಿದ ಎಲೆಯ ಹಾಗೆ ಮುದುಡಿಕೊಂಡಿತು.

"ಇದನ್ನು ಒಂದೇ ಕೈಯಲ್ಲಿ ವಾಪಸ್ಸು ಒಳಗಿಡು ನೋಡೋಣ, ಮಗ" ಎಂದರು. ಆಗಲಿಲ್ಲ. ಎಡಗೈಯಿಂದ ಬಾಯಿ ಅಗಲಿಸಲು ಹೋದರೆ ನಳಿಗೆ ನನ್ನ ಬೆರಳುಗಳನ್ನೇ ನೋಡುತ್ತಿತ್ತು. ಬಲವಂತವಾಗಿ ತಳ್ಳಿದರೆ ಮಡಿಸಿಕೊಂಡ ಚರ್ಮದ ಅಂಚು ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರ್ ಸುತ್ತಲಿನ ಲೋಹದ ಬಳೆಯ, ಒಳಗೆ ನುಗ್ಗುತ್ತಿತ್ತು. ಹೀಗೆ ನುಗ್ಗಿದ ಚರ್ಮವೇ ಟ್ರಿಗರನ್ನು ಒತ್ತಿ ತೊಡೆಗೆ ಗುಂಡು ಹಾರಿಸಬಲ್ಲದು. ಮಳೆಗಾಲದಲ್ಲಿ ನಾವೆಲ್ಲ ತೊಡುವ ಜಾಕೀಟಿನ ತುದಿಯಲ್ಲಿ ಜೋತಾಡುವ ದಾರ ಮತ್ತು ಅದರ ಪ್ಲಾಸ್ಟಿಕ್ ಗುಂಡಿಯಿಂದಲೂ ಇದೇ ಅಪಾಯವಿದೆ. ನಾನು ಆ ದಾರಗಳನ್ನು ಅಂದೇ ಕತ್ತರಿಸಿ ತೆಗೆದೆ. ರಿವಾಲ್ವರ್ ಕೆಳಗೆ ಬಿದ್ದದ್ದನ್ನು ಹತ್ತು ಜನ ಕಂಡರು. ಈ ಎರಡನೆಯ ಅಪಾಯ ವಾರಗಟ್ಟಲೆ ನನ್ನ ಸೊಂಟದಲ್ಲಿಯೇ ಇದ್ದುದು ನನಗೂ ಗೊತ್ತಿರಲಿಲ್ಲ.

ಅಷ್ಟರಿಂದಲೂ ನಾನು ಪೂರ್ತಿ ಕಲಿಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ಸೊಂಟವೇ ಬೇಡವೆಂದು ಹೆಗಲಿಗೆ ಹಾಕುವ ಹೋಲ್‌ಸ್ಟರ್ ತರಿಸಿದೆ. ಅದರಲ್ಲಿ ರಿವಾಲ್ವರ್ ಕಂಕುಳ ಕೆಳಗೆ ಅಡ್ಡಲಾಗಿ ಮಲಗಿರುತ್ತದೆ, ನಳಿಗೆ ಹಿಂದಕ್ಕೆ ತಿರುಗಿರುತ್ತದೆ. ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತ ನನ್ನ ಮಡದಿಯ ಎದೆಗೆ ಅದು ನೆಟ್ಟಗೆ ಗುರಿಯಿಟ್ಟಿತ್ತು ಎಂಬುದು ಅವಳು ಹೇಳಿದ ಮೇಲೆ ನನಗೆ ತಿಳಿಯಿತು. ಸಾಲದ್ದಕ್ಕೆ ಉದ್ದ ನಳಿಗೆಯ ತುದಿ ಜಾಕೀಟಿನ ಬೆನ್ನನ್ನು ಗೂನಿನಂತೆ ಎತ್ತಿ ತೋರಿಸುತ್ತಿತ್ತು. ಹೆಗಲಿಗೇ ಹಾಕಬೇಕೆನ್ನುವವರು ನಳಿಗೆ ನೆಲದ ಕಡೆಗೆ ನೇರವಾಗಿ ಇಳಿದಿರುವ ಬಗೆಯದನ್ನು, ಕೆಳತುದಿಯನ್ನು ಬೆಲ್ಟಿಗೆ ಕಟ್ಟಿಕೊಳ್ಳುವಂಥದ್ದನ್ನು ಹುಡುಕಬೇಕು.

ಬೆನ್ನಿನ ನಡುವೆ ಸಿಕ್ಕಿಸುವ ಹೋಲ್‌ಸ್ಟರ್‌ಗಳೂ ಇವೆ. ನಮ್ಮ ಹಿರಿಯರು ಅಗಲ ಅಲಗಿನ ಕೊಡವ ಕತ್ತಿಯಾದ ಒಡಿಕತ್ತಿಯನ್ನು ಬೆನ್ನಿನ ಹಿಂದೆಯೇ ಧರಿಸುತ್ತಿದ್ದರಲ್ಲ ಎಂಬ ಮಾತನ್ನು ಈ ಸಂದರ್ಭದಲ್ಲಿ ಕೇಳಿದ್ದೇನೆ. ಆ ಹೋಲಿಕೆ ಸರಿಯಲ್ಲ. ಒಡಿಕತ್ತಿಯನ್ನು ಹಿಡಿದಿಡುತ್ತಿದ್ದ ತೋಡಂಗ್ ಎಂಬ ಕೊಂಡಿ ಲೋಹದ್ದು, ನಡುವಿಗೆ ಬಿಗಿಯಾಗಿ ಕೂರುವಂಥದ್ದು, ಮತ್ತು ಅದನ್ನು ತೊಟ್ಟವರು ಜೀಪಿನ ಸೀಟಿಗೆ ಬೆನ್ನು ಒರಗಿಸಿ ಗಂಟೆಗಟ್ಟಲೆ ಕೂರುತ್ತಿರಲಿಲ್ಲ. ಜಡಿಮಳೆಯ ಕಕ್ಕಡ ಮಾಸದ ಪಾಚಿ ಹಿಡಿದ ತೋಟದ ಇಳಿಜಾರಿನಲ್ಲಿ ಕಾಲು ಜಾರಿ ಹಿಂದಕ್ಕೆ ಬಿದ್ದರೆ, ಅಲ್ಲಿರುವ ಉಕ್ಕಿನ ಮುದ್ದೆ ಬೆನ್ನುಹುರಿಯನ್ನೇ ಜಜ್ಜಬಹುದು. ಭಾರವಾದ ಆಯುಧವನ್ನು ಹಿಡಿಯುವ ವಸ್ತು ಮಾತ್ರ ಅಲುಗಾಡದಂತೆ ಗಟ್ಟಿಯಾಗಿರಬೇಕೆಂಬ ತಿಳಿವನ್ನು ತೋಡಂಗ್‌ನಿಂದ ನಾವು ತೆಗೆದುಕೊಳ್ಳಬಹುದು.

ಈಗ ನಾನು ಬಳಸುತ್ತಿರುವುದನ್ನು ಕುದುರೆಯ ಜೀನು ಹೊಲಿಯುವ ಒಬ್ಬ ಕುಶಲಕರ್ಮಿ ಮಾಡಿಕೊಟ್ಟರು. ಅಂಗಡಿಯಲ್ಲಿ ನಾನು ಒಲ್ಲೆನೆಂದಿದ್ದ ಬಗೆಯದೇ: ಎರಡು ದಪ್ಪ ಚರ್ಮದ ಹಾಳೆಗಳನ್ನು ಸೇರಿಸಿ ಹೊಲಿದು, ಎರಡೂ ಅಂಚಿನಲ್ಲಿ ಬೆಲ್ಟು ಹಾಯಿಸಲು ಸೀಳು ಬಿಟ್ಟು, ಬೆಲ್ಟಿನ ಹೊರಬದಿಯಲ್ಲಿ ಎತ್ತರವಾಗಿ ಕೂರುವಂಥದ್ದು. ಅವರು ಚರ್ಮವನ್ನು ನೆನೆಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಖಾಲಿ ರಿವಾಲ್ವರನ್ನು ಒಳಗಿಟ್ಟು, ಸಿಲಿಂಡರ್ ಮತ್ತು ಟ್ರಿಗರ್ ಗಾರ್ಡಿನ ಸುತ್ತ ನನ್ನೆದುರೇ ತಿಕ್ಕಿ ಅಚ್ಚು ಮೂಡಿಸಿದರು. ಒಣಗಿದ ಮೇಲೆ ಅದು ಆ ಒಂದು ರಿವಾಲ್ವರ್‌ಗೆ ಮಾತ್ರ ಹೊಂದುತ್ತದೆ, ತೆಗೆದರೂ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಹ್ಯಾಮರ್‌ನ ಹಿಂದೆ ಹೆಬ್ಬೆರಳಿನಿಂದ ಬಿಚ್ಚುವ ಗುಂಡಿ ಪಟ್ಟಿ ಇದೆ. ಟ್ರಿಗರ್ ಒಂದು ಕೂದಲಿನಷ್ಟೂ ಹೊರಗೆ ಕಾಣುವುದಿಲ್ಲ. ಇದರ ಜೊತೆಗೆ 38 ಮಿಲಿಮೀಟರ್ ಅಗಲದ, ಎರಡು ಪದರದ ಬೆಲ್ಟನ್ನೂ ಹೊಲಿಸಿದೆ. ಹೋಲ್‌ಸ್ಟರ್‌ಗಿಂತ ಬೆಲ್ಟಿನಿಂದಲೇ ನನಗೆ ಹೆಚ್ಚು ಹಾಯಾಯಿತು ಎಂದರೆ ತಪ್ಪಿಲ್ಲ, ಏಕೆಂದರೆ ಭಾರವು ಒಂದೇ ಬಿಂದುವಿನಲ್ಲಿ ಜೋತು ಬೀಳದೆ ಸೊಂಟದ ಸುತ್ತ ಹರಡಿಕೊಳ್ಳುತ್ತದೆ. ಮರೆಮಾಡಲು ಮೊಣಕಾಲಿನ ಮೇಲಿನವರೆಗೆ ಬರುವ ಸಡಿಲವಾದ ಜಾಕೀಟು ಸಾಕು. ಎತ್ತರವಾಗಿ ಕೂತ ಹೋಲ್‌ಸ್ಟರ್‌ನ ಕೆಳತುದಿ ಅದರ ಅಂಚಿನಿಂದ ಹೊರಗೆ ಬರುವುದಿಲ್ಲ. ದಿನವೆಲ್ಲ ಜೀಪು ಓಡಿಸುವವರಿಗೆ ಎಡಸೊಂಟದ ಮುಂಭಾಗದಲ್ಲಿ ಓರೆಯಾಗಿ ಕೂತು ಬಲಗೈಗೆ ಸಿಗುವ ಬಗೆ ಇನ್ನೂ ಅನುಕೂಲವೆಂದು ಚಿಕ್ಕಪ್ಪ ಹೇಳುತ್ತಾರೆ.

ಕೊಳ್ಳುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಿ. ರಿವಾಲ್ವರನ್ನು ಖಾಲಿ ಮಾಡಿ, ಸಿಲಿಂಡರ್ ತೆರೆದು ಎರಡು ಸಲ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಹೋಲ್‌ಸ್ಟರ್ ಧರಿಸಿ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ನೆಲದ ಮೇಲಿನ ವಸ್ತುವನ್ನು ಬಗ್ಗಿ ಎತ್ತಿ. ಮೆತ್ತನೆಯ ಹಾಸಿಗೆಯ ಮೇಲೆ ಪೂರ್ತಿ ಬಾಗಿ ಮೈ ಅಲುಗಿಸಿ. ಅದು ಆಗ ಜಾರಿದರೆ ಮೆಟ್ಟಿಲ ಮೇಲೂ ಜಾರುತ್ತದೆ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅವರಿಂದ ಕೊಳ್ಳಬೇಡಿ.

ತುಕ್ಕಿನ ವಿಷಯ ಬಿಡುವ ಹಾಗಿಲ್ಲ. ಆ ಘಟನೆಯ ನಂತರ ಬೇಸರದಿಂದ ರಿವಾಲ್ವರನ್ನು ಅದೇ ಮೆದು ಹೋಲ್‌ಸ್ಟರ್‌ನೊಳಗೆ ಹಾಕಿ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಮೂರು ವಾರ ಎಡೆಬಿಡದ ಮಳೆ. ತೆಗೆದು ನೋಡಿದರೆ ನಳಿಗೆಯ ನೀಲಿ ಹೊಳಪಿನ ಮೇಲೆ ಚರ್ಮದ ಗೀರುಗಳ ಆಕಾರದಲ್ಲೇ ಕೆಂಪು ತುಕ್ಕು ಹಿಡಿದಿತ್ತು. ಚರ್ಮ ತೇವವನ್ನು ಹೀರಿ ಉಕ್ಕಿಗೆ ಅಂಟಿಸಿ ಹಿಡಿಯುತ್ತದೆ; ಕ್ರೋಮ್ ಲವಣದಿಂದ ಹದ ಮಾಡಿದ ಮೆದು ಚರ್ಮದಲ್ಲಿ ಉಳಿಯುವ ಲವಣ ತುಕ್ಕನ್ನು ಇನ್ನಷ್ಟು ಬೇಗ ತರುತ್ತದೆ. ಹೋಲ್‌ಸ್ಟರ್‌ಗೆ ಮರದ ತೊಗಟೆಯಿಂದ ಹದ ಮಾಡಿದ ಚರ್ಮವೇ ಬೇಕು, ಹಾಗಿದ್ದರೂ ರಿವಾಲ್ವರನ್ನು ಅದರೊಳಗೆ ಇಟ್ಟು ಮಲಗಬಾರದು. ಒರೆಸಿ, ಎಣ್ಣೆ ಸವರಿ, ಪ್ರತ್ಯೇಕವಾಗಿ ಬೀಗದಲ್ಲಿಡಬೇಕು. ನೆನೆದ ಹೋಲ್‌ಸ್ಟರನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ, ಚರ್ಮ ಬಿರಿಯುತ್ತದೆ. ಗಾಳಿಯಾಡುವ ನೆರಳು ಸಾಕು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಮುನ್ನ ಕೋವಿಗಳನ್ನು ಒರೆಸಿ ಪೂಜೆಗೆ ಸಿದ್ಧಪಡಿಸುವ ದಿನವೇ ನಾನು ಹೋಲ್‌ಸ್ಟರ್‌ನ ಹೊಲಿಗೆ, ಬೆಲ್ಟಿನ ಸೀಳು, ಪಟ್ಟಿಯ ಗುಂಡಿ ಇವನ್ನೆಲ್ಲ ನೋಡುತ್ತೇನೆ. ಈ ಸಲ ಗುಂಡಿ ಸ್ವಲ್ಪ ಸಡಿಲವಾಗಿತ್ತು. ಹೊಸದನ್ನು ಹಾಕಿಸುವವರೆಗೆ ರಿವಾಲ್ವರನ್ನು ಹೊರಗೆ ಒಯ್ಯಲಿಲ್ಲ.