ಕಾಲುದಾರಿ ಮುಗಿದ ಮೇಲೆ: ಸರ್ವೆ ಆಫ್ ಇಂಡಿಯಾದ ಬಿಟ್ಟಿ ನಕ್ಷೆ ಹೇಗಿದೆ?

ಮಾಗಡಿ, ರಾಮನಗರದ ಬಂಡೆಗಾಡಿಗೆ ಬಂದರೆ ಫೋನಿನ ಮ್ಯಾಪು ಹಸಿರು ಬಳಿದು ಸುಮ್ಮನಾಗುತ್ತದೆ. ಅಲ್ಲಿ ನೆಲದ ಏರಿಳಿತ ತಿಳಿಯಲು ಕೇಂದ್ರದ ನಕ್ಷೆ ಇಲಾಖೆ ಸರ್ವೆ ಆಫ್ ಇಂಡಿಯಾ ಸಾರ್ವಜನಿಕರಿಗೆಂದು ಕೊಡುವ ಓಪನ್ ಸೀರೀಸ್ ನಕ್ಷೆಯೇ ಬೇಕು. ಇಲಾಖೆಯ ಪೋರ್ಟಲ್‌ನಲ್ಲಿ ಖಾತೆ ತೆರೆದರೆ 1:50,000 ಅಳತೆಯ (ಕಾಗದದ 2 ಸೆಂ.ಮೀ. ಅಂದರೆ ನೆಲದ 1 ಕಿ.ಮೀ.) ಪಿಡಿಎಫ್ ಸಿಗುತ್ತದೆ. ಕೋರಮಂಗಲದ ಕಚೇರಿಗೆ ಅಲೆಯಬೇಕಿಲ್ಲ. ಸಾವನದುರ್ಗ ಹಳೆಯ ಲೆಕ್ಕದಲ್ಲಿ 57 ಎಚ್/5 ಹಾಳೆಯಲ್ಲಿದೆ. ಓಪನ್ ಸೀರೀಸ್‌ನ ಸಂಖ್ಯೆಗಳೇ ಬೇರೆ, ಹಳೆಯ ನಂಬರು ಹಿಡಿದು ಹುಡುಕಿದರೆ ಗೊಂದಲವಾಗುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಜೆರಾಕ್ಸ್ ಅಂಗಡಿಯಲ್ಲಿ. ನಕ್ಷೆಯ ಭಾಗವೇ ಸುಮಾರು 55 ಸೆಂ.ಮೀ. ಉದ್ದಗಲ ಇರುವುದರಿಂದ ಎ1 ಕಾಗದ ಬೇಕು. 'ಫಿಟ್ ಟು ಪೇಜ್' ಒತ್ತಿದರೆ ಅಳತೆ ಕೆಟ್ಟಿತು. 'ಆಕ್ಚುವಲ್ ಸೈಜ್' ಹೇಳಿ, ದುಡ್ಡು ಕೊಡುವ ಮೊದಲು ಸ್ಕೇಲಿಟ್ಟು ನೋಡಿ: ನಕ್ಷೆಯ ಮೇಲಿನ ಅಡ್ಡ-ಉದ್ದ ಗೆರೆಗಳ (ಗ್ರಿಡ್) 1 ಕಿ.ಮೀ. ಚೌಕ ಸರಿಯಾಗಿ 2 ಸೆಂ.ಮೀ. ಬರಬೇಕು. ಇಂಕ್‌ಜೆಟ್ ಮಸಿ ಬೆವರಿಗೇ ಹರಡುತ್ತದೆ, ಲೇಸರ್ ಪ್ರಿಂಟೇ ವಾಸಿ.

ದಿಕ್ಸೂಚಿಯನ್ನು ಆನ್‌ಲೈನಿನಲ್ಲಿ ಕಣ್ಣುಮುಚ್ಚಿ ತರಿಸಬೇಡಿ. ಯುರೋಪಿಗೆಂದು ಸಮತೋಲ ಮಾಡಿದ್ದರೆ ಅದರ ಮುಳ್ಳಿನ ದಕ್ಷಿಣದ ತುದಿ ಇಲ್ಲಿ ಕೆಳಗೆ ಬಾಗಿ ತಳಕ್ಕೆ ತಾಗುತ್ತದೆ, ಏಕೆಂದರೆ ಭೂಕಾಂತದ ಸಮಭಾಜಕ ರೇಖೆ (ಮುಳ್ಳು ಯಾವ ಕಡೆಗೂ ಬಾಗದೆ ಮಟ್ಟಸವಾಗಿ ನಿಲ್ಲುವ ರೇಖೆ) ತಮಿಳುನಾಡಿನ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಮುಳ್ಳು ತೋರುವ ಉತ್ತರವೂ ಗ್ರಿಡ್‌ನ ಉತ್ತರವೂ ಒಂದೇ ಅಲ್ಲ, ಹಾಗಾಗಿ ನಕ್ಷೆಯ ಗ್ರಿಡ್‌ನಿಂದ ಅಳೆದ ಕೋನಕ್ಕೆ ಬೆಂಗಳೂರಿನ ಸುತ್ತ ಸುಮಾರು 2 ಡಿಗ್ರಿ ಕೂಡಿಸಬೇಕು. ಮರೆತರೆ ಒಂದು ಕಿಲೋಮೀಟರಿಗೆ 35 ಮೀಟರು ಆಚೀಚೆ. ಹಳ್ಳದ ಕವಲು ಕೈತಪ್ಪಲು ಅಷ್ಟು ಸಾಕು.

ಇನ್ನು ನಕ್ಷೆಯ ನಿಜವಾದ ಕೊರತೆ. ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ನಡುವಿನ ಎತ್ತರದ ಅಂತರ 20 ಮೀಟರ್. ಎರಡು ರೇಖೆಗಳ ನಡುವೆ ನಾಲ್ಕು ಮಹಡಿ ಎತ್ತರದ ಕಡಿದಾದ ಬಂಡೆ ನಿಂತಿದ್ದರೂ ಕಾಗದದ ಮೇಲೆ ಇಳಿಜಾರು ಸಲೀಸಾಗಿಯೇ ಕಾಣುತ್ತದೆ. ಸಾವನದುರ್ಗದ ಏಕಶಿಲೆಯ ಮೈಯಲ್ಲಂತೂ ಇದು ಅಪಾಯ. ರೇಖೆಗಳು ಒತ್ತೊತ್ತಾದ ಕಡೆ ಇಳಿಯುವ ಯೋಚನೆಯನ್ನೇ ಬಿಡಿ, ವಿರಳವಾದ ಕಡೆಯೂ ಕಣ್ಣಿಗೆ ಕಂಡ ಮೇಲೆಯೇ ಹೆಜ್ಜೆಯಿಡಿ. ಲಂಟಾನ ಪೊದೆ ಯಾವ ನಕ್ಷೆಯಲ್ಲೂ ಬರುವುದಿಲ್ಲ, ನಡಿಗೆಯ ವೇಗ ತಗ್ಗುವುದು ಅದರಿಂದಲೇ. ನೀಲಿ ಬಣ್ಣದ ಕೆರೆಯನ್ನು ಕುಡಿಯುವ ನೀರಿನ ಲೆಕ್ಕಕ್ಕೆ ಹಿಡಿಯಬೇಡಿ; ಸರ್ವೆ ಹಳೆಯದಾಗಿದ್ದರೆ ಕೆರೆ ಈಗ ಹಾಗೇ ಇರಬೇಕೆಂದಿಲ್ಲ, ನಕ್ಷೆಯ ಅಂಚಿನಲ್ಲಿ ಸರ್ವೆಯ ವರ್ಷ ನೋಡಿಕೊಳ್ಳಿ.

ಬೆಟ್ಟ, ಕಣಿವೆ, ಹಳ್ಳದ ರೂಪಕ್ಕೆ ಬಿಟ್ಟಿಯಾಗಿ ಇದಕ್ಕಿಂತ ಒಳ್ಳೆಯದು ಸಿಗದು. ನಕ್ಷೆ ಕೈಯಲ್ಲಿದ್ದರೂ ಮೀಸಲು ಅರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಪಡೆಯಬೇಕು.