ಮೇಕರ್ ಮೇಳದಲ್ಲಿ ದುಡ್ಡು ಎಲ್ಲಿ ಕೊಡಬೇಕು: ಸೋಲ್ಡರಿಂಗೋ, ಆರ್ಡುಯಿನೋವೋ, ಬುಗುರಿಯೋ?

ಮೇಕರ್ ಮೇಳದಲ್ಲಿ, ಅಂದರೆ ಕೈಯಾರೆ ಏನಾದರೂ ಮಾಡಿ ಕಲಿಯುವ ಮೇಳದಲ್ಲಿ, ಒಂದೇ ಕಾರ್ಯಾಗಾರಕ್ಕೆ ದುಡ್ಡು ಕೊಡೋದಾದರೆ ಕಣ್ಣು ಮುಚ್ಚಿ ಸೋಲ್ಡರಿಂಗ್ (ಲೋಹ ಕರಗಿಸಿ ಎಲೆಕ್ಟ್ರಾನಿಕ್ ಬಿಡಿಭಾಗ ಬೆಸೆಯುವ ಕೆಲಸ) ಟೇಬಲ್ಲಿಗೆ ಕೊಡಿ. ಬೆಂಗಳೂರಿನ ಮೇಳವೊಂದರಲ್ಲಿ ಏಳನೇ ಕ್ಲಾಸಿನ ಮಗಳ ಜೊತೆ ಮೂರೂ ಕಡೆ ಕೂತು ನೋಡಿದ್ದೇನೆ. ಎಲ್‌ಇಡಿ ದೀಪ ಬೆಸೆದು ಮಾಡುವ ಸೋಲ್ಡರಿಂಗ್ ಬ್ಯಾಡ್ಜ್ 250 ರೂಪಾಯಿ, ಕಿಟ್ ಸಮೇತ ಆರ್ಡುಯಿನೋ (ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡು) 1,200, ಚನ್ನಪಟ್ಟಣದ ಬುಗುರಿ 100.

ದುಬಾರಿಯದ್ದೇ ಮೊದಲು. ಕಿಟ್ಟಿನಲ್ಲಿ ಇದ್ದದ್ದು ಆರ್ಡುಯಿನೋ ನ್ಯಾನೋ ಮಾದರಿಯ ಅಗ್ಗದ ಬೋರ್ಡು. ಲ್ಯಾಪ್‌ಟಾಪಿಗೆ ಚುಚ್ಚಿದರೆ ಕೆಂಪು ದೀಪವೇನೋ ಹತ್ತಿತು, ಲ್ಯಾಪ್‌ಟಾಪಿಗೆ ಯಾವ ಬೋರ್ಡು ಸಿಕ್ಕಿದೆ ಅಂತ ತೋರಿಸುವ ಪೋರ್ಟ್ ಪಟ್ಟಿಯಲ್ಲಿ ಮಾತ್ರ ಬೋರ್ಡಿನ ಸುಳಿವೇ ಇಲ್ಲ. ಇಂಥ ಬೋರ್ಡುಗಳಲ್ಲಿ ಯುಎಸ್‌ಬಿಗೆ ಸಿಎಚ್340 ಅನ್ನೋ ಚಿಪ್ ಇರುತ್ತೆ, ಕೆಲವು ಲ್ಯಾಪ್‌ಟಾಪ್‌ಗಳಿಗೆ ಅದರ ಡ್ರೈವರ್ (ಆ ಚಿಪ್ಪಿನ ಗುರುತು ಹಿಡಿಸುವ ಸಾಫ್ಟ್‌ವೇರ್) ಬೇರೆಯಾಗಿ ಹಾಕಬೇಕು. ಇದನ್ನು ಮುಂಚೆ ಹೇಳಿದ್ದರೆ ಮನೆಯಲ್ಲೇ ಹಾಕಿಕೊಂಡು ಬರುತ್ತಿದ್ದೆವು. ಹಾಲ್‌ನ ವೈಫೈಯಂತೂ ಮಲಗಿಬಿಟ್ಟಿತ್ತು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿಕೊಂಡು ಹಾಕಿದ್ದಾಯಿತು.

ಆಗಲೂ ಪೋರ್ಟ್ ಇಲ್ಲ! ಹೇಳಿಕೊಡುವವರು ಒಬ್ಬರೇ, ಎಲ್ಲ ಟೇಬಲ್ಲಿನಲ್ಲೂ ಇದೇ ಗೋಳು. ಕೊನೆಗೆ ಪಕ್ಕದ ಟೇಬಲ್ಲಿನ ಕಾಲೇಜು ಹುಡುಗ ಬ್ಯಾಗಿನಿಂದ ಹಳೇ ಕ್ಯಾಮೆರಾ ಕೇಬಲ್ ತೆಗೆದುಕೊಟ್ಟು, "ಅಂಕಲ್, ಇದು ಹಾಕಿ ನೋಡಿ" ಅಂದ. ತಕ್ಷಣ ಪೋರ್ಟ್ ಬಂತು. ಕಿಟ್ಟಿನ ಕೇಬಲ್ ಬರೀ ಚಾರ್ಜಿಂಗಿನದ್ದು. ಒಳಗೆ ಕರೆಂಟಿನ ಎರಡು ತಂತಿ ಬಿಟ್ಟರೆ ಡೇಟಾ ತಂತಿಗಳೇ ಇಲ್ಲ. ದೀಪ ಹತ್ತುತ್ತಿರೋದರಿಂದ ಕೇಬಲ್ ಮೇಲೆ ಯಾರಿಗೂ ಅನುಮಾನ ಬರಲ್ಲ, ಇದೇ ಅದರ ಕಿತಾಪತಿ. ಅಷ್ಟಕ್ಕೂ ಮುಗಿಯಲಿಲ್ಲ. ಅಪ್‌ಲೋಡ್ ಆಗಲು ಮೆನುವಿನಲ್ಲಿ 'ಓಲ್ಡ್ ಬೂಟ್‌ಲೋಡರ್' (ಕೋಡನ್ನು ಬೋರ್ಡಿನೊಳಗೆ ಇಳಿಸಿಕೊಳ್ಳುವ ಪುಟ್ಟ ಪ್ರೋಗ್ರಾಮಿನ ಹಳೇ ಆವೃತ್ತಿ) ಆರಿಸಬೇಕಿತ್ತು. ಎಲ್‌ಇಡಿ ಮಿಣುಕುವ ಹೊತ್ತಿಗೆ ಮುಂದಿನ ಬ್ಯಾಚಿನವರು ಬಂದು ತಲೆ ಮೇಲೆ ನಿಂತಿದ್ದರು.

ಬುಗುರಿ ಸ್ಟಾಲ್ ಚೆನ್ನಾಗಿತ್ತು, ಆದರೆ ಕ್ಯೂ ಉದ್ದ, ಕೈಗೆ ಸಿಗೋದು ಎರಡೇ ನಿಮಿಷ. ಯಂತ್ರದಲ್ಲಿ ತಿರುಗುವ ಆಲೆ ಮರದ (ಚನ್ನಪಟ್ಟಣದ ಆಟಿಕೆಗೆ ಬಳಸುವ ಮರ) ತುಂಡಿಗೆ ಅರಗಿನ ಕಡ್ಡಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. "ಒತ್ತಬೇಡ ಕಣವ್ವ, ಸುಮ್ನೆ ತಾಗಿಸು ಸಾಕು" ಅಂತ ಕುಶಲಕರ್ಮಿ ಮಗಳ ಕೈ ಹಿಡಿದು ತೋರಿಸಿದರು. ಉಳಿ ಮಾತ್ರ ಮಕ್ಕಳ ಕೈಗೆ ಕೊಡಲ್ಲ, ಕೊಡಲೂಬಾರದು.

ಇನ್ನು ಸೋಲ್ಡರಿಂಗ್. ಇಲ್ಲಿ ಲ್ಯಾಪ್‌ಟಾಪ್ ಬೇಡ, ವೈಫೈ ಬೇಡ. ಕಾದ ಐರನ್ನಿನ (ಬೆಸೆಯುವ ಕಡ್ಡಿ) ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸು, ಬೋರ್ಡಿನ ಪ್ಯಾಡು (ಕಾಲು ಬೆಸೆಯುವ ಲೋಹದ ಚುಕ್ಕೆ) ಮತ್ತು ಎಲ್‌ಇಡಿ ಕಾಲು ಎರಡನ್ನೂ ಒಟ್ಟಿಗೆ ಕಾಯಿಸು, ಆಮೇಲೆ ಸೀಸದ ತಂತಿ ತಾಗಿಸು: ಮೊದಲ ಪಾಠ ಇಷ್ಟೇ. ತಂತಿಯನ್ನು ಐರನ್‌ಗೇ ಮುಟ್ಟಿಸಿ ತೊಟ್ಟಿಕ್ಕಿಸಿದರೆ ಮಂಕು ಗುಂಡು ಕೂರುತ್ತೆ, ಅದು ಹಿಡಿಯಲ್ಲ. ಸರಿಯಾಗಿ ಕಾದಿದ್ದರೆ ಲೋಹ ತಾನೇ ಹರಿದು ಕಾಲಿನ ಸುತ್ತ ಪುಟ್ಟ ಗೋಪುರದ ಹಾಗೆ ಹೊಳೆಯುತ್ತೆ. ಮಗಳು ಒಂದು ಎಲ್‌ಇಡಿಯನ್ನು ತಿರುಗಾಮುರುಗಾ ಹಾಕಿದ್ದಳು (ಉದ್ದದ ಕಾಲೇ ಪ್ಲಸ್). ಅಲ್ಲಿದ್ದ ಅಕ್ಕ ಬೈಯದೆ ಕರಗಿದ ಸೀಸವನ್ನು ಹೀರುವ ಪಂಪಿನಿಂದ ಎಳೆದು ಬಿಚ್ಚೋದನ್ನೂ ಕಲಿಸಿದರು. ನನ್ನ ಲೆಕ್ಕದಲ್ಲಿ 250 ರೂಪಾಯಿ ಅಲ್ಲೇ ವಸೂಲಾಯಿತು.

ದೂರು ಇಲ್ಲವೆಂದಲ್ಲ. ತಂತಿಯಲ್ಲಿ ಸೀಸ ಇರೋದರಿಂದ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ನಲ್ಲಿ ಇದ್ದದ್ದು ಹಾಲ್‌ನ ಆ ತುದಿಗೆ. ಬ್ಯಾಡ್ಜಿನ ಬಟನ್ ಸೆಲ್ಲನ್ನು ಮನೆಯಲ್ಲಿ ಪುಟ್ಟ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ನುಂಗಿದರೆ ಜೀವಕ್ಕೇ ಅಪಾಯ.

ಕೆಟ್ಟ ಇಯರ್‌ಫೋನು, ರಿಮೋಟು ಬಿಚ್ಚಿಕೊಂಡು ಕೂರುವ ಚಾಳಿ ನನ್ನದು, ಅದಕ್ಕೇ ನನ್ನ ವೋಟು ಸೋಲ್ಡರಿಂಗಿಗೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿ ಸಾಲಾದ ಎಸ್.ಪಿ. ರಸ್ತೆಯಲ್ಲಿ 25 ವ್ಯಾಟಿನ ಐರನ್ ಕೊಂಡರೆ ಮನೆಯಲ್ಲೂ ಮುಂದುವರಿಸಬಹುದು. ಆರ್ಡುಯಿನೋವನ್ನು ಬೋರ್ಡೇ ಇಲ್ಲದೆ, ಪರದೆ ಮೇಲೇ ಸರ್ಕ್ಯೂಟ್ ಕಟ್ಟಿ ನೋಡುವ ವೆಬ್‌ಸೈಟಾದ ಟಿಂಕರ್‌ಕ್ಯಾಡ್‌ನಲ್ಲಿ ಪುಕ್ಕಟೆ ಕಲಿಯಬಹುದು. ಮಗುವಿಗೆ ಈಗಾಗಲೇ ಕೋಡಿಂಗ್ ಹುಚ್ಚಿದ್ದರೆ ಆ ಟೇಬಲ್ಲಿಗೇ ಕೂರಿಸಿ, ಆದರೆ ಡ್ರೈವರ್ ಹಾಕಿಕೊಂಡು, ಕ್ಯಾಮೆರಾದಿಂದ ಫೋಟೋ ಇಳಿಸಿ ಡೇಟಾ ಹರಿಯುತ್ತೆ ಅಂತ ಖಾತ್ರಿ ಮಾಡಿಕೊಂಡ ಸ್ವಂತ ಕೇಬಲ್ ಹಿಡಿದುಕೊಂಡೇ ಹೋಗಿ.